ಹ್ಯಾಂಡ್‌ಬಿಲ್ಲಿನ ಕೆಳಗಿನ ಸಾಲಿನಿಂದ: ಜಾತ್ರೆಯ ಸಂಗೀತ ನಾಟಕಕ್ಕೆ ತಂಡ ಕಟ್ಟುವ ಕ್ರಮ

ಜಾತ್ರೆ ಹತ್ತಿರವಾಯಿತೆಂದರೆ ಮುಧೋಳ, ಜಮಖಂಡಿ, ಬೀಳಗಿ, ಗೋಕಾಕ ಸೀಮೆಯ ಊರುಗಳಲ್ಲಿ ಬಸ್‌ ನಿಲ್ದಾಣದ ಗೋಡೆ, ಚಹಾದಂಗಡಿಯ ಬಾಗಿಲು, ಪಾನ್‌ ಅಂಗಡಿಯ ತಗಡುಗಳ ಮೇಲೆಲ್ಲ ನಾಟಕದ ಹ್ಯಾಂಡ್‌ಬಿಲ್ಲು ಕಾಣಿಸಿಕೊಳ್ಳುತ್ತದೆ. ನೆತ್ತಿಯ ಮೇಲೆ ಗ್ರಾಮದೇವರ ‘ಪ್ರಸನ್ನ’, ಅದರ ಕೆಳಗೆ ಸಾನ್ನಿಧ್ಯ ವಹಿಸುವ ಸ್ವಾಮಿಗಳು, ಉದ್ಘಾಟಕರು, ಅಧ್ಯಕ್ಷರು, ಜ್ಯೋತಿ ಬೆಳಗಿಸುವವರು, ನಡುವೆ ದಪ್ಪ ಅಕ್ಷರದಲ್ಲಿ ನಾಟಕದ ಹೆಸರು, ಅದರ ಆಜುಬಾಜು ನಾಯಕ, ಖಳನಾಯಕ ಮತ್ತು ಹೊರಗಿನಿಂದ ಕರೆಸಿದ ಕಲಾವಿದೆಯರ ಭಾವಚಿತ್ರಗಳು. ಇವೆಲ್ಲ ಮುಗಿದ ಮೇಲೆ, ಮುದ್ರಣಾಲಯದ ಹೆಸರಿಗಿಂತ ಒಂದಿಷ್ಟೇ ದೊಡ್ಡದಾದ ಅಕ್ಷರದಲ್ಲಿ ಪೇಟಿ (ಹಾರ್ಮೋನಿಯಂ), ತಬಲಾ, ಪ್ರಾಂಪ್ಟರ್‌ (ಮರೆಯಲ್ಲಿ ನಿಂತು ನಟರಿಗೆ ಮಾತು ಎತ್ತಿಕೊಡುವವನು), ಮೇಕಪ್‌, ಸೀನರಿ, ಧ್ವನಿವರ್ಧಕ ಎಂದು ಒಂದೆರಡು ಸಾಲು ಇರುತ್ತವೆ. ತಂಡ ಕಟ್ಟಲು ಕುಳಿತವರು ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಮೇಲಿನಿಂದ ಕೆಳಗೆ ಇಳಿಯುತ್ತಾರೆ. ನಾಯಕ ಯಾರೆಂಬ ಜಗಳ ಹದಿನೈದು ದಿನ ನಡೆಯುತ್ತದೆ, ಉಳಿದದ್ದನ್ನೆಲ್ಲ ಕೊನೆಯ ವಾರದಲ್ಲಿ ಸಿಕ್ಕವರಿಂದ ಸಾಗಿಸಿಕೊಳ್ಳುತ್ತಾರೆ. ಊರಿನ ನಾಟಕ ಸಂಘದಲ್ಲಿ ಮೊದಲು ಪ್ರಾಂಪ್ಟರ್‌ ಆಗಿ, ಆಮೇಲೆ ವ್ಯವಸ್ಥಾಪಕನಾಗಿ ಕೈ ಸುಟ್ಟುಕೊಂಡ ನನ್ನ ಅನುಭವದಿಂದ ಹೇಳುವುದಾದರೆ, ಹ್ಯಾಂಡ್‌ಬಿಲ್ಲನ್ನು ತಲೆಕೆಳಗಾಗಿ ಹಿಡಿದು, ಕೆಳಗಿನ ಸಾಲಿನವರನ್ನು ಮೊದಲು ಗೊತ್ತುಮಾಡಿಕೊಂಡು, ಅವರ ಶಕ್ತಿಯನ್ನು ನೋಡಿ ನಾಟಕವನ್ನೂ ನಾಯಕನನ್ನೂ ಆರಿಸಬೇಕು. ಈ ಬರಹದಲ್ಲಿ ಅದೇ ಕ್ರಮವನ್ನು ಅನುಸರಿಸಿದ್ದೇನೆ.

ವ್ಯವಸ್ಥಾಪಕ, ದಿನ, ಪುಸ್ತಕ

ಮೊದಲು ಬೇಕಾದವನು ವ್ಯವಸ್ಥಾಪಕ. ಅವನು ಪಾತ್ರ ಮಾಡಬಾರದೆಂಬುದು ನನ್ನ ಕಟ್ಟುನಿಟ್ಟಿನ ಅಭಿಪ್ರಾಯ. ಪ್ರದರ್ಶನದ ರಾತ್ರಿ ಜನರೇಟರಿನವನು ಡೀಸೆಲ್‌ ತೀರಿತೆಂದು ಬಂದು ನಿಂತಾಗ, ಮೀಸೆ ಅಂಟಿಸಿಕೊಂಡು ಖಡ್ಗ ಸಿಕ್ಕಿಸಿಕೊಂಡಿರುವ ಮನುಷ್ಯ ಅವನೊಡನೆ ಲೆಕ್ಕ ಮಾತಾಡಲಾರ. ವ್ಯವಸ್ಥಾಪಕನ ಕೈಯಲ್ಲಿ ಒಂದೇ ನೋಟ್‌ಬುಕ್‌ ಇರಬೇಕು. ಮುಂಗಡ ಕೊಟ್ಟದ್ದು, ಬಾಕಿ ಇರುವುದು, ಯಾರು ಯಾವ ದಿನ ಎಷ್ಟು ಹೊತ್ತಿಗೆ ಬರುತ್ತಾರೆಂಬುದು ಎಲ್ಲವೂ ಅದರಲ್ಲಿಯೇ ದಾಖಲಾಗಬೇಕು.

ತಾಲೀಮಿಗೆ ಎರಡು ತಿಂಗಳು ಹಿಡಿದುಕೊಳ್ಳುವುದು ಒಳ್ಳೆಯದು. ನಮ್ಮ ಕಡೆ ತಾಲೀಮಿನ ಹಾಜರಿಯನ್ನು ನಿರ್ಧರಿಸುವುದು ಕಲಾಭಿಮಾನಕ್ಕಿಂತ ಹೆಚ್ಚಾಗಿ ವಿದ್ಯುತ್‌ ಕಂಪನಿ ಹೆಸ್ಕಾಂ. ಪಂಪ್‌ಸೆಟ್ಟಿಗೆ ತ್ರೀ ಫೇಸ್‌ ಕರೆಂಟು ರಾತ್ರಿ ಪಾಳಿಯಲ್ಲಿ ಬಂದ ವಾರ, ತಂಡದ ಅರ್ಧ ಜನ ಬ್ಯಾಟರಿ ಹಿಡಿದು ಕಬ್ಬಿಗೆ ನೀರು ಹಾಯಿಸಲು ಹೋಗಿರುತ್ತಾರೆ. ಇವರನ್ನು ಗದರಿಸಿ ಪ್ರಯೋಜನವಿಲ್ಲ. ಹಗಲು ಪಾಳಿ ಇರುವ ವಾರದಲ್ಲಿ ಪೂರ್ಣ ತಾಲೀಮು, ರಾತ್ರಿ ಪಾಳಿ ಇರುವ ವಾರದಲ್ಲಿ ಊರಲ್ಲಿ ಉಳಿದವರಿಗೆ ಹಾಡಿನ ತಾಲೀಮು ಎಂದು ಮೊದಲೇ ವಿಂಗಡಿಸಿಕೊಂಡರೆ ಮನಸ್ತಾಪಗಳು ಅರ್ಧದಷ್ಟು ಕಡಿಮೆಯಾಗುತ್ತವೆ.

ಪುಸ್ತಕ ಆರಿಸುವಾಗ ಕಥೆಯ ಜೊತೆಗೆ ಮೂರು ಲೆಕ್ಕಗಳನ್ನು ನೋಡಬೇಕು: ಗಂಡು ಪಾತ್ರಗಳೆಷ್ಟು, ಹೆಣ್ಣು ಪಾತ್ರಗಳೆಷ್ಟು, ಹಾಡುಗಳೆಷ್ಟು. ಹೆಣ್ಣು ಪಾತ್ರವೊಂದು ಹೆಚ್ಚಾದರೆ ಹೊರಗಿನಿಂದ ಕರೆಸುವ ಕಲಾವಿದೆಯರ ಸಂಭಾವನೆ, ಪ್ರಯಾಣ, ವಸತಿಯ ಖರ್ಚು ಹೆಚ್ಚಾಗುತ್ತದೆ. ಹಾಡು ಹೆಚ್ಚಾದರೆ ಹಾಡಬಲ್ಲ ನಟರು ಹೆಚ್ಚು ಬೇಕಾಗುತ್ತಾರೆ. ನಾಟಕಕಾರರ ಹಕ್ಕಿನ ಪ್ರಶ್ನೆಯನ್ನೂ ಇಲ್ಲಿಯೇ ಮುಗಿಸಿಕೊಳ್ಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮೇಲಿನ 60 ವರ್ಷಗಳವರೆಗೆ ಹಕ್ಕು ಉಳಿದಿರುತ್ತದೆ. ಹವ್ಯಾಸಿ ಸಂಘವೊಂದು ಹಣ ಪಡೆಯದೆ ಪ್ರೇಕ್ಷಕರ ಎದುರು ಆಡುವ, ಇಲ್ಲವೆ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ಆಡುವ ಪ್ರಯೋಗಕ್ಕೆ ಅದೇ ಕಾಯ್ದೆಯ 52ನೆಯ ಕಲಮು ವಿನಾಯಿತಿ ಕೊಟ್ಟಿದೆ. ಆದರೆ ಟಿಕೆಟ್ಟು ಹಚ್ಚಿ ಸ್ವಂತ ಲಾಭಕ್ಕೆ ಆಡುವುದಕ್ಕೂ, ನಾಟಕವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವುದಕ್ಕೂ ಈ ವಿನಾಯಿತಿಯ ನೆರಳು ಸಿಗುವುದಿಲ್ಲ. ಅಂಥ ಸಂದರ್ಭದಲ್ಲಿ ನಾಟಕಕಾರರಿಂದ ಅಥವಾ ಅವರ ವಾರಸುದಾರರಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ವಿನಾಯಿತಿ ಇದ್ದಾಗಲೂ ನಾಟಕಕಾರರಿಗೆ ತಿಳಿಸಿ, ಹ್ಯಾಂಡ್‌ಬಿಲ್ಲಿನಲ್ಲಿ ಅವರ ಹೆಸರನ್ನು ಸರಿಯಾಗಿ ಮುದ್ರಿಸುವುದು ಮರ್ಯಾದೆಯ ಮಾತು.

ಪೇಟಿ ಮಾಸ್ತರರು

ಸಂಗೀತ ನಾಟಕದಲ್ಲಿ ಪೇಟಿ ಮಾಸ್ತರರನ್ನು ಗೊತ್ತುಮಾಡುವುದಕ್ಕೆ ಮುಂಚೆ ಯಾವ ನಟನಿಗೂ ಮಾತು ಕೊಡಬಾರದು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಇದೇ ಜಿಲ್ಲೆಯ ಏಣಗಿ ಬಾಳಪ್ಪನವರು (1914–2017) ಹುಡುಗನಾಗಿ ಹೆಣ್ಣು ಪಾತ್ರಗಳಿಂದ ಆರಂಭಿಸಿ ಹಾಡುವ ನಟರಾಗಿಯೇ ನಾಡಿಗೆಲ್ಲ ಹೆಸರಾದರು. ನಟ ತಾನೇ ಹಾಡಬೇಕೆಂಬ ನಿರೀಕ್ಷೆ ಈ ಭಾಗದ ಪ್ರೇಕ್ಷಕರ ಕಿವಿಯಲ್ಲಿ ಬಹಳ ಹಿಂದಿನಿಂದ ಕುಳಿತಿದೆ. ಹಾಡುವ ನಟನನ್ನು ಹಾಡುವಂತೆ ಮಾಡುವವರು ಪೇಟಿ ಮಾಸ್ತರರು.

ಪಾತ್ರ ಹಂಚುವ ದಿನ ಮಾಸ್ತರರು ಎದುರಿಗಿರಲಿ. ಪ್ರತಿಯೊಬ್ಬನಿಂದಲೂ ಅವನಿಗೆ ಬರುವ ಯಾವುದಾದರೂ ಒಂದು ಭಜನಾ ಪದ ಹಾಡಿಸಿ, ಅವನ ದನಿ ಯಾವ ಪಟ್ಟಿಯಲ್ಲಿ, ಎಂದರೆ ಪೇಟಿಯ ಯಾವ ಮನೆಯನ್ನು ಷಡ್ಜವಾಗಿ (ಸ) ಹಿಡಿದಾಗ, ಸಲೀಸಾಗಿ ನಿಲ್ಲುತ್ತದೆಂದು ಬರೆದುಕೊಳ್ಳಬೇಕು. ಗಂಡಸರ ದನಿ ಸಾಮಾನ್ಯವಾಗಿ ಕಾಳಿ ಒಂದರ (ಪೇಟಿಯ ಮೊದಲ ಕಪ್ಪು ಮನೆಯ) ಆಸುಪಾಸಿನಲ್ಲಿ, ಹೆಂಗಸರ ದನಿ ಕಾಳಿ ನಾಲ್ಕು ಅಥವಾ ಐದರಲ್ಲಿ ನಿಲ್ಲುತ್ತದೆ. ಯುಗಳ ಗೀತೆಗಳು ಕೆಡುವುದು ಇಲ್ಲಿಯೇ: ನಾಯಕನ ಪಟ್ಟಿಯಲ್ಲಿ ನಾಯಕಿಯ ದನಿ ನೆಲಕ್ಕಿಳಿದು ಕೇಳಿಸದಂತಾಗುತ್ತದೆ, ನಾಯಕಿಯ ಪಟ್ಟಿಯಲ್ಲಿ ನಾಯಕನ ಕತ್ತಿನ ನರ ಎದ್ದು ನಿಲ್ಲುತ್ತವೆ. ಬಲ್ಲ ಮಾಸ್ತರರು ಇದಕ್ಕೊಂದು ದಾರಿ ಹುಡುಕಿರುತ್ತಾರೆ. ಕಾಳಿ ಒಂದನ್ನು ಷಡ್ಜವೆಂದು ಹಿಡಿದರೆ ಕಾಳಿ ಮೂರು ಅದರ ಮಧ್ಯಮವಾಗುತ್ತದೆ, ಕಾಳಿ ನಾಲ್ಕು ಪಂಚಮವಾಗುತ್ತದೆ. ಹೀಗಾಗಿ ನಾಯಕನ ನುಡಿ ಮುಗಿದ ಕೂಡಲೇ ಆ ಮಧ್ಯಮವನ್ನೋ ಪಂಚಮವನ್ನೋ ಹೊಸ ಷಡ್ಜವಾಗಿಸಿ ನಾಯಕಿಯ ನುಡಿಯನ್ನು ಎತ್ತಿಕೊಟ್ಟರೆ ಕೇಳುವವರಿಗೆ ಜಿಗಿದಂತೆ ಅನ್ನಿಸುವುದೇ ಇಲ್ಲ. ಆದರೆ ಈ ತಿರುವನ್ನು ಹತ್ತಾರು ಸಲ ತಾಲೀಮು ಮಾಡಿರಬೇಕು.

ಒಂದು ರಾತ್ರಿಯ ತಾಲೀಮು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗುಡಿಯ ಕಟ್ಟೆಯ ಮೇಲೆ ನಾಯಕನ ಪಾತ್ರದ ಹುಡುಗ ಅದೇ ಸಾಲಿನಲ್ಲಿ ನಾಲ್ಕನೆಯ ಸಲ ಎಡವಿ, ‘ಎರಡನೇ ನುಡಿಗಿ ದನಿ ಏರವಲ್ದರೀ ಮಾಸ್ತರ್ರ’ ಎಂದು ತಲೆ ತಗ್ಗಿಸಿದ. ಮಾಸ್ತರರು ಬಾಯಲ್ಲಿದ್ದ ಎಲೆಯನ್ನು ಒಂದು ಕಡೆಗೆ ಒತ್ತಿಕೊಂಡು, ‘ನೀ ಏರೂದು ಬ್ಯಾಡೋ ತಮ್ಮಾ, ನಾನ ಇಳೀತೀನಿ’ ಎಂದು ಕಾಳಿ ಒಂದರಿಂದ ಬಿಳಿ ಒಂದಕ್ಕೆ ಬೆರಳು ಸರಿಸಿದರು. ಅರ್ಧ ಸ್ವರದ ಅಂತರ, ಅಷ್ಟೇ. ಹುಡುಗ ಕಣ್ಣು ಮುಚ್ಚಿ ಹಾಡಿದ, ಎರಡನೆಯ ನುಡಿ ದಾಟಿದ, ಮೂರನೆಯದಕ್ಕೆ ತಾನಾಗಿಯೇ ಒಂದು ಸಣ್ಣ ತಾನ್ (ಸ್ವರಗಳ ವೇಗದ ಓಟ) ಸೇರಿಸಿದ. ಪ್ರದರ್ಶನದ ರಾತ್ರಿ ಒನ್ಸ್‌ ಮೋರ್‌ ಬಿದ್ದದ್ದು ಅದೇ ಹಾಡಿಗೆ.

ಮಾಸ್ತರರ ಇನ್ನೊಂದು ಕೆಲಸ ಹಾಡಿಗೆ ಮುಂಚಿನ ಕ್ಷಣದ್ದು. ನಟ ಮಾತು ಮುಗಿಸಿ, ಸುಮ್ಮನಾಗಿ, ಪೇಟಿಯ ಸ್ವರ ಬರಲೆಂದು ಕಾಯುತ್ತ ನಿಂತರೆ ಪಾತ್ರ ಅಲ್ಲಿಯೇ ಸತ್ತಂತೆ. ಮಾತಿನ ಕೊನೆಯ ಮೂರು ನಾಲ್ಕು ಶಬ್ದಗಳ ಅಡಿಯಲ್ಲಿಯೇ ಷಡ್ಜ ಮೆಲ್ಲಗೆ ನುಸುಳಿ, ಮಾತು ಮುಗಿಯುವಾಗ ನಟನ ಕಿವಿಯಲ್ಲಿ ಸ್ವರ ತುಂಬಿರಬೇಕು. ಇದಕ್ಕಾಗಿ ಮಾಸ್ತರರ ಕೈಗೆ ನಾಲ್ಕು ಗೆರೆಗಳ ಒಂದು ಯಾದಿ ಬರೆದುಕೊಡಬೇಕು: ಹಾಡಿನ ಮೊದಲ ಸಾಲು, ಪಟ್ಟಿ, ತಾಳ, ಮತ್ತು ಹಾಡಿಗೆ ಮುಂಚಿನ ಕೊನೆಯ ಮಾತು. ಆ ಕೊನೆಯ ಮಾತನ್ನು ನಟ ಪ್ರತಿ ಸಲವೂ ಒಂದೇ ರೀತಿ ಹೇಳುವಂತೆ ಕಟ್ಟುಮಾಡಬೇಕು. ಹುಮ್ಮಸ್ಸಿಗೆ ಸಿಕ್ಕಿ ಹೊಸ ಶಬ್ದ ಸೇರಿಸಿದರೆ ಪೇಟಿ ಹಿಂದೆ ಬೀಳುತ್ತದೆ.

ತಬಲಾದವರಿಗೆ ಕೇರವಾದ ಎಂಟು ಮಾತ್ರೆ, ದಾದರಾದ ಆರು ಮಾತ್ರೆಗಳಲ್ಲಿಯೇ ಬಹುಪಾಲು ನಾಟಕ ಮುಗಿದುಹೋಗುತ್ತದೆ. ಪೌರಾಣಿಕ ನಾಟಕವಾದರೆ ಹದಿನಾರು ಮಾತ್ರೆಯ ತ್ರಿತಾಲವೂ, ತಾಳವೇ ಇಲ್ಲದೆ ಹಾಡುವ ಕಂದ ಪದ್ಯಗಳೂ ಬರುತ್ತವೆ. ಪಟ್ಟಿ ಬದಲಾಗುವ ನಾಟಕಕ್ಕೆ ಒಂದು ಡಗ್ಗಾದ (ಎಡಗೈಯ ದಪ್ಪ ದನಿಯ ವಾದ್ಯ) ಜೊತೆ ಬೇರೆ ಬೇರೆ ಸ್ವರಕ್ಕೆ ಕೂಡಿಸಿದ ಎರಡು ತಬಲಾಗಳನ್ನು ತರುವಂತೆ ಮೊದಲೇ ಹೇಳಬೇಕು. ಮಾಘದ ರಾತ್ರಿಯ ಇಬ್ಬನಿಗೆ ಚರ್ಮ ಸಡಿಲಾಗಿ ಸ್ವರ ಇಳಿಯುವುದರಿಂದ, ಅಂಕ ಬದಲಾಗುವ ಪ್ರತಿ ಬಿಡುವಿನಲ್ಲಿ ಸುತ್ತಿಗೆಯಿಂದ ಕೂಡಿಸಿಕೊಳ್ಳಲು ಅವರಿಗೆ ಎರಡು ನಿಮಿಷ ಮೀಸಲಿಡಬೇಕು. ಕ್ಯಾಸಿಯೊ, ರಿದಂ ಪ್ಯಾಡ್‌ಗಳು ಈಗ ಎಲ್ಲ ಕಡೆ ಬಂದಿವೆ. ಗುಡುಗು, ಕುದುರೆಯ ಖುರಪುಟ, ಹೊಡೆದಾಟದ ಸದ್ದಿಗೆ ಅವು ಅನುಕೂಲ. ಧ್ವನಿಮುದ್ರಿತ ಟ್ರ್ಯಾಕ್‌ ಹಚ್ಚಿ ನಟ ಬರೀ ತುಟಿ ಆಡಿಸುವ ಪದ್ಧತಿಯನ್ನು ಮಾತ್ರ ನಾನು ಒಪ್ಪಲಾರೆ. ಟ್ರ್ಯಾಕ್‌ ನಟನಿಗಾಗಿ ಕಾಯುವುದಿಲ್ಲ, ಒನ್ಸ್‌ ಮೋರ್‌ ಬಂದರೆ ಎಲ್ಲಿಂದ ಎತ್ತಿಕೊಳ್ಳಬೇಕೆಂಬುದೂ ಅದಕ್ಕೆ ತಿಳಿಯದು.

ವಾದ್ಯದವರನ್ನು ಕೂರಿಸುವ ಜಾಗವನ್ನು ಪೆಂಡಾಲಿನವನ ಇಷ್ಟಕ್ಕೆ ಬಿಡಬಾರದು. ರಂಗದ ಮುಂದಿನ ಒಂದು ಮಗ್ಗುಲಲ್ಲಿ, ಮಾಸ್ತರರಿಗೆ ನಟನ ಮುಖವೂ ಎದುರು ವಿಂಗಿನಲ್ಲಿರುವ (ರಂಗದ ಪಕ್ಕದ ಮರೆಯಲ್ಲಿರುವ) ಪ್ರಾಂಪ್ಟರನ ಕೈಯೂ ಏಕಕಾಲಕ್ಕೆ ಕಾಣುವಂತೆ ಹಾಸು ಹಾಕಬೇಕು.

ನಾಟಕ ಮಾಸ್ತರರು ಮತ್ತು ಪ್ರಾಂಪ್ಟರ್‌

ಗೋಕಾಕ, ಮುಧೋಳ ಸೀಮೆಯ ಜನಪದ ಆಟವಾದ ಶ್ರೀಕೃಷ್ಣ ಪಾರಿಜಾತವನ್ನು ನೋಡಿದವರಿಗೆ ಭಾಗವತನ ಕೆಲಸ ಗೊತ್ತಿರುತ್ತದೆ. ಅವನು ರಂಗದ ಮೇಲೆಯೇ ಇದ್ದು ಕೃಷ್ಣನನ್ನೂ ಸತ್ಯಭಾಮೆಯನ್ನೂ ಪ್ರಶ್ನಿಸುತ್ತಾನೆ, ಕಾಲೆಳೆಯುತ್ತಾನೆ, ಕಥೆಯನ್ನು ಮುಂದಕ್ಕೆ ತಳ್ಳುತ್ತಾನೆ, ಹಾಡು ಎತ್ತಿಕೊಡುತ್ತಾನೆ. ನಟ ಮರೆತರೆ ಅವನ ಪ್ರಶ್ನೆಯಲ್ಲಿಯೇ ಉತ್ತರದ ಸುಳಿವು ಇರುತ್ತದೆ. ವೃತ್ತಿ ನಾಟಕ ಕಂಪನಿಗಳ ಶೈಲಿಯ ನಾಟಕ ಬಂದಾಗ ಈ ಭಾಗವತ ರಂಗದಿಂದ ಮರೆಯಾದನಾದರೂ ಅವನ ಕೆಲಸ ಉಳಿಯಿತು, ಮತ್ತು ಅದು ನಾಟಕ ಮಾಸ್ತರ, ಪೇಟಿ ಮಾಸ್ತರ, ಪ್ರಾಂಪ್ಟರ್‌ ಎಂಬ ಮೂವರಿಗೆ ಹಂಚಿಹೋಯಿತು. ಈ ಮೂವರು ಒಬ್ಬರಿಗೊಬ್ಬರು ಮಾತಾಡದಿದ್ದರೆ ನಾಟಕಕ್ಕೆ ಮೂರು ತಲೆಗಳಾಗುತ್ತವೆ.

ನಾಟಕ ಮಾಸ್ತರರನ್ನು ಹುಡುಕುವವರಿಗೆ ನನ್ನ ಸಲಹೆಯೆಂದರೆ, ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಬೇಕು. ಅಲ್ಲಿ ವೃತ್ತಿ ನಾಟಕ ಕಂಪನಿಗಳು ಸಾಲಾಗಿ ತಂಬು ಹೊಡೆದು ವಾರಗಟ್ಟಲೆ ಆಡುತ್ತವೆ. ಒಂದೇ ನಾಟಕವನ್ನು ಎರಡು ಸಲ ನೋಡಿ: ಮೊದಲ ಸಲ ಕಥೆಗಾಗಿ, ಎರಡನೆಯ ಸಲ ಪೇಟಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಯಾವ ಮಾತಿಗೆ ಪರದೆ ಏಳುತ್ತದೆ, ಹಾಸ್ಯದವರು ಯಾವಾಗ ಒಳನುಗ್ಗುತ್ತಾರೆ ಎಂಬುದನ್ನು ಗಮನಿಸುವುದಕ್ಕಾಗಿ. ಕಂಪನಿಯಲ್ಲಿ ದುಡಿದು ಊರಿಗೆ ಮರಳಿದ ಹಿರಿಯರೊಬ್ಬರು ಸಿಕ್ಕರೆ, ಅವರಿಗೆ ಸಿಟ್ಟು ಹೆಚ್ಚಿದ್ದರೂ, ಅವರನ್ನೇ ಕರೆತನ್ನಿ.

ಪ್ರಾಂಪ್ಟರನ ಕೆಲಸವನ್ನು ಪಾತ್ರ ಸಿಗದವನಿಗೆ ಸಮಾಧಾನದ ಬಹುಮಾನವೆಂಬಂತೆ ಕೊಡುವುದು ಊರ ನಾಟಕಗಳಲ್ಲಿ ಕಾಣುವ ದೊಡ್ಡ ತಪ್ಪು. ಅವನು ಎರಡು ತಿಂಗಳೂ ತಾಲೀಮಿನಲ್ಲಿ ಕುಳಿತಿರಬೇಕು; ಯಾರು ಎಲ್ಲಿ ಮರೆಯುತ್ತಾರೆ, ಯಾರು ನಟನೆಗಾಗಿ ಮೌನವಾಗುತ್ತಾರೆ ಎಂಬುದರ ವ್ಯತ್ಯಾಸ ಅವನಿಗೆ ತಿಳಿದಿರಬೇಕು. ಮಗ ಸತ್ತನೆಂದು ಕೇಳಿ ತಂದೆ ಮೂಕನಾಗಿ ನಿಂತ ಘಳಿಗೆಯಲ್ಲಿ ವಿಂಗಿನಿಂದ ಮಾತು ಎತ್ತಿಕೊಡುವ ದನಿ ಮೈಕಿಗೆ ಸಿಕ್ಕರೆ ಇಡೀ ಪೆಂಡಾಲು ನಗುತ್ತದೆ. ವಾಕ್ಯವನ್ನು ಪೂರ್ತಿ ಓದದೆ, ಮೊದಲ ಎರಡು ಶಬ್ದಗಳನ್ನಷ್ಟೇ ಮೈಕಿಗೆ ಬೆನ್ನು ಮಾಡಿ ಕೊಡುವುದು ಕ್ರಮ.

ನಾನು ಪ್ರಾಂಪ್ಟರ್‌ ಆಗಿದ್ದ ಎರಡನೆಯ ವರ್ಷ, ಇಬ್ಬನಿಗೆ ಪುಸ್ತಕದ ಹಾಳೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿ, ನನಗೆ ಗೊತ್ತಿಲ್ಲದಂತೆ ಎರಡು ಹಾಳೆ ಒಟ್ಟಿಗೆ ಮಗುಚಿದವು. ನಾನು ಎತ್ತಿಕೊಟ್ಟ ಮಾತನ್ನು ನಂಬಿದ ನಾಯಕ, ಕೊಲೆಯ ಆರೋಪ ಬರುವ ದೃಶ್ಯ ಇನ್ನೂ ನಡೆಯದಿದ್ದರೂ, ಜೈಲಿನ ದುಃಖವನ್ನು ತೋಡಿಕೊಳ್ಳತೊಡಗಿದ. ಕೊಲೆಯಾಗಬೇಕಾದ ಗೌಡರು ಅವನ ಪಕ್ಕದಲ್ಲಿಯೇ ಮೀಸೆ ತಿರುವುತ್ತ ನಿಂತಿದ್ದರು. ಜೈಲಿನ ಹಾಡಿಗೆ ಮುಂಚಿನ ಮಾತು ಬಂದಿತ್ತಾದರೂ ಪೇಟಿ ಮಾಸ್ತರರು ಆ ಹಾಡಿನ ಸ್ವರ ಹಿಡಿಯದೆ, ಹಾಸ್ಯದವರ ಪ್ರವೇಶದ ಧಾಟಿಯನ್ನು ಜೋರಾಗಿ ಬಾರಿಸಿದರು. ಆ ಧಾಟಿ ಕೇಳಿದ್ದೇ ತಡ, ಹಾಸ್ಯದ ಪಾತ್ರಧಾರಿ ಅರ್ಧ ಕುಡಿದ ಚಹಾ ಇಟ್ಟು ರಂಗಕ್ಕೆ ನುಗ್ಗಿ, ‘ಏನ್ರೀ ಧಣ್ಯಾರ, ಈಗಿಂದ ಜೈಲಿಂದು ಕನಸು ಬೀಳಾಕತ್ತಾವೇನ್ರೀ?’ ಎಂದ. ಜನ ಬಿದ್ದು ಬಿದ್ದು ನಕ್ಕರು, ನಾನು ಹಾಳೆ ಹಿಂದಕ್ಕೆ ತಿರುವಿದೆ, ನಾಟಕ ದಾರಿಗೆ ಬಂತು. ಅಂದಿನಿಂದ ಪುಸ್ತಕದ ಹಾಳೆಗಳನ್ನು ಬಿಡಿಸಿ, ಒಂದೊಂದನ್ನೂ ದಪ್ಪ ಕಾಗದಕ್ಕೆ ಅಂಟಿಸಿ, ಪುಟದ ಅಂಕಿಯನ್ನು ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದು, ದಾರದಿಂದ ಹೊಲಿಸುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಎಲ್ಲರ ಬಳಿ ಒಂದೇ ಮುದ್ರಣದ ಪುಸ್ತಕವಿರುವುದನ್ನೂ ಖಚಿತಪಡಿಸಿಕೊಳ್ಳಬೇಕು. ಬೇರೆ ಮುದ್ರಣದಲ್ಲಿ ಮಾತುಗಳು ಹೆಚ್ಚುಕಡಿಮೆಯಾಗಿರುತ್ತವೆ.

ಪಾತ್ರಧಾರಿಗಳು

ಈಗ ನಾಯಕನ ಮಾತಿಗೆ ಬರಬಹುದು. ಎತ್ತರ, ಬಣ್ಣ, ಊರಿನಲ್ಲಿರುವ ವಜನು ಇವುಗಳಿಗಿಂತ ಮೊದಲು, ಪೇಟಿ ಮಾಸ್ತರರು ಬರೆದಿಟ್ಟ ದನಿಯ ಲೆಕ್ಕವನ್ನು ನೋಡಬೇಕು. ಹೆಚ್ಚು ವಂತಿಗೆ ಕೊಟ್ಟವರಿಗೆ ನಾಯಕನ ಪಾತ್ರವೆಂಬ ಪದ್ಧತಿ ಕೆಲವು ಊರುಗಳಲ್ಲಿದೆ. ಅದು ಅನಿವಾರ್ಯವಾದರೆ ಅವರಿಗೆ ಹಾಡಿಲ್ಲದ ಗೌಡ ಅಥವಾ ಇನ್ಸ್‌ಪೆಕ್ಟರ್‌ ಪಾತ್ರವನ್ನು ಒಪ್ಪಿಸುವ ಚಾಕಚಕ್ಯತೆ ವ್ಯವಸ್ಥಾಪಕನಿಗೆ ಇರಬೇಕು.

ಹಾಸ್ಯದ ಜೋಡಿಯನ್ನು ಆರಿಸುವಾಗ ಬರೀ ನಗಿಸುವ ಗುಣ ನೋಡಿದರೆ ಸಾಲದು, ಗಡಿಯಾರದ ಪ್ರಜ್ಞೆಯೂ ಬೇಕು. ಕಂಪನಿ ಶೈಲಿಯಲ್ಲಿ ಮುಂದಿನ ರಸ್ತೆಯ ಪರದೆಯ ಎದುರು ಹಾಸ್ಯ ನಡೆಯುತ್ತಿರುವಾಗಲೇ ಹಿಂದೆ ದರ್ಬಾರೋ ಕಾಡೋ ಸಿದ್ಧವಾಗುತ್ತಿರುತ್ತದೆ. ಹಿಂದೆ ಸಿಂಹಾಸನ ಸಿಕ್ಕಿಬಿದ್ದರೆ ಹಾಸ್ಯವನ್ನು ಮೂರು ನಿಮಿಷ ಎಳೆಯಬೇಕು, ಬೇಗ ಮುಗಿದರೆ ಮಾತು ಮೊಟಕುಗೊಳಿಸಬೇಕು. ಇದಕ್ಕೆ ವಿಂಗಿನಿಂದ ಒಂದು ಕೈಸನ್ನೆಯನ್ನು ಗೊತ್ತುಮಾಡಿಕೊಳ್ಳುವುದು ಸಾಕು. ಅಶ್ಲೀಲದ ಕಡೆಗೆ ಜಾರುವ ಮಾತುಗಳಿಗೆ ತಾಲೀಮಿನಲ್ಲಿಯೇ ಕತ್ತರಿ ಹಾಕಬೇಕು. ರಂಗದ ಮೇಲೆ ಶಿಳ್ಳೆ ಬೀಳತೊಡಗಿದ ಮೇಲೆ ಯಾವ ಹಾಸ್ಯಗಾರನೂ ಮಾತು ಕೇಳುವುದಿಲ್ಲ.

ಹೊರಗಿನಿಂದ ಬರುವ ಕಲಾವಿದೆಯರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಅನೇಕ ಊರುಗಳಲ್ಲಿ ಆಡಲಾಗುವ ಜನಪ್ರಿಯ ನಾಟಕಗಳ ಪಾತ್ರಗಳು ಅವರಿಗೆ ಬಾಯಿಪಾಠವಾಗಿರುತ್ತವೆ. ಆದುದರಿಂದ ಅವರು ಪ್ರದರ್ಶನದ ಹಿಂದಿನ ದಿನ ಅಥವಾ ಅದೇ ದಿನ ಮಧ್ಯಾಹ್ನ ಬಂದು, ಒಮ್ಮೆ ಓದಿಕೊಂಡು, ರಾತ್ರಿ ರಂಗಕ್ಕೇರುತ್ತಾರೆ. ಆ ಒಂದು ಓದಿನಲ್ಲಿ ಮಾತಿಗಿಂತ ಮೊದಲು ಹಾಡುಗಳನ್ನು, ಅದರಲ್ಲಿಯೂ ಯುಗಳ ಗೀತೆಯ ಪಟ್ಟಿಯನ್ನು ಪೇಟಿ ಮಾಸ್ತರರೊಡನೆ ಮುಗಿಸಿಕೊಳ್ಳಬೇಕು. ಸಂಭಾವನೆ ಎಷ್ಟು, ಮುಂಗಡ ಎಷ್ಟು, ಬಾಕಿ ಯಾವಾಗ, ಎಷ್ಟು ಹಾಡು, ನೃತ್ಯ ಇದೆಯೋ ಇಲ್ಲವೋ ಎಂಬುದೆಲ್ಲ ಒಂದು ಹಾಳೆಯ ಮೇಲೆ ಬರೆದಿರಲಿ. ಬಾಕಿಯನ್ನು ಬಣ್ಣ ಹಚ್ಚುವ ಮುಂಚೆಯೇ ಕೊಟ್ಟುಬಿಡುವುದು ನಮ್ಮ ಸಂಘದ ಪದ್ಧತಿ. ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ಹೆಣ್ಣುಮಗಳೊಬ್ಬಳು ತನ್ನ ದುಡಿಮೆಗಾಗಿ ಊರ ಹಿರಿಯರ ಮನೆಯ ಕಟ್ಟೆಯ ಮೇಲೆ ಕಾಯುವಂತಾಗಬಾರದು. ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬರುವ ಕೋಣೆ, ಹತ್ತಿರದಲ್ಲಿಯೇ ಶೌಚಾಲಯ, ಬಣ್ಣ ಹಚ್ಚಿಕೊಳ್ಳಲು ಗಂಡಸರಿಂದ ಬೇರೆಯಾದ ಜಾಗ, ಕರೆತಂದು ಮರಳಿ ಬಿಡಲು ಗೊತ್ತಾದ ಗಾಡಿ, ಇವು ಇಲ್ಲದಿದ್ದರೆ ಅವರನ್ನು ಕರೆಯುವ ಯೋಗ್ಯತೆ ಸಂಘಕ್ಕಿಲ್ಲ. ಆಹೇರಿ (ಮೆಚ್ಚುಗೆಯ ಕಾಣಿಕೆ) ಮಾಡುವವರು ರಂಗಕ್ಕೇರಿ ಕೈಗೆ ನೋಟು ತುರುಕಲು ಹೋಗುವುದನ್ನು ತಡೆಯಲು, ಆಹೇರಿಯನ್ನು ವ್ಯವಸ್ಥಾಪಕನ ಬಳಿ ಬರೆಸಿದರೆ ಮೈಕಿನಲ್ಲಿ ಹೆಸರು ಕೂಗಲಾಗುವುದೆಂದು ನಾಂದಿಗೆ (ಆರಂಭದ ಪ್ರಾರ್ಥನಾ ಹಾಡಿಗೆ) ಮುಂಚೆಯೇ ಸಾರಬೇಕು. ಕಲಾವಿದೆಯರನ್ನು ಎಲ್ಲರೂ ‘ಅಕ್ಕಾರ’ ಎಂದೇ ಕರೆಯಬೇಕೆಂಬ ಒಂದು ನಿಯಮ ಮಾಡಿದರೆ ಅರ್ಧ ತೊಂದರೆಗಳು ಹುಟ್ಟುವುದೇ ಇಲ್ಲ.

ಪರದೆ, ಬೆಳಕು, ಧ್ವನಿ

ಪರದೆಗಳನ್ನು ಬಾಡಿಗೆಗೆ ಕೊಡುವವರು ಸಾಮಾನ್ಯವಾಗಿ ಮುಖಪರದೆ, ಝಾಲರಿ (ರಂಗದ ಮೇಲಂಚಿನ ಅಡ್ಡಬಟ್ಟೆ), ವಿಂಗುಗಳ ಜೊತೆಗೆ ರಸ್ತೆ, ಮನೆ, ದರ್ಬಾರು, ಅರಣ್ಯ, ಜೈಲು ಈ ದೃಶ್ಯಗಳನ್ನು ತರುತ್ತಾರೆ. ನಾಟಕದಲ್ಲಿ ಯಾವ ಕ್ರಮದಲ್ಲಿ ಯಾವ ದೃಶ್ಯ ಬರುತ್ತದೆಂಬ ಪಟ್ಟಿಯನ್ನು ಒಂದು ವಾರ ಮುಂಚೆ ಅವರಿಗೆ ಕೊಡಬೇಕು, ಏಕೆಂದರೆ ಮೇಲಿನ ಬಿದಿರಿಗೆ ಪರದೆಗಳನ್ನು ಕಟ್ಟುವ ಕ್ರಮ ಅದನ್ನೇ ಅವಲಂಬಿಸಿದೆ. ಮುಂದೆ ರಸ್ತೆ, ಹಿಂದೆ ಆಳದ ದೃಶ್ಯ. ರಂಗಕ್ಕೆ ಮೂವತ್ತು ಅಡಿ ಅಗಲ, ಇಪ್ಪತ್ತೈದು ಅಡಿ ಆಳ, ನಾಲ್ಕು ಅಡಿ ಎತ್ತರ ಇದ್ದರೆ ಅನುಕೂಲ. ಹಲಗೆಗಳ ಸಂದಿನಲ್ಲಿ ನಟಿಯ ಕಾಲು ಸಿಕ್ಕದಂತೆ ಮೇಲೆ ಜಮಖಾನೆ ಬಿಗಿದು ಮೊಳೆ ಹೊಡೆಯಬೇಕು.

ಪರದೆ ಎಳೆಯುವವನು ಒಬ್ಬನೇ ಆಗಿರಬೇಕು, ಪ್ರಾಂಪ್ಟರನ ಗಂಟೆಗೆ ಮಾತ್ರ ಹಗ್ಗ ಮುಟ್ಟಬೇಕು. ಗಂಟೆ ಒಮ್ಮೆ ಬಾರಿಸಿದರೆ ಸಿದ್ಧ, ಎರಡು ಸಲ ಬಾರಿಸಿದರೆ ಎಳೆ. ಆ ಜಾಗದಲ್ಲಿ ನಿಂತು ನಾಟಕ ನೋಡಬಯಸುವ ಗೆಳೆಯರನ್ನು ಹತ್ತಿರ ಸೇರಿಸಬಾರದು.

ಊರ ನಾಟಕಗಳಲ್ಲಿ ಈಗಲೂ ಮುಂದಿನ ಝಾಲರಿಯಿಂದ ಮೂರು ನಾಲ್ಕು ಮೈಕುಗಳನ್ನು ನೇತುಹಾಕುವುದೇ ಹೆಚ್ಚು. ಮೈಕಿನ ಕೆಳಗೆ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ರಂಗ ತಾಲೀಮಿನ ದಿನ ನಟರನ್ನು ಆ ಗುರುತುಗಳ ಮೇಲೆಯೇ ನಡೆಸಬೇಕು. ಇಲ್ಲದಿದ್ದರೆ ಮಾತಿನ ಅರ್ಧ ಕೇಳಿಸಿ, ಅರ್ಧ ಕತ್ತಲೆಗೆ ಹೋಗುತ್ತದೆ. ಪೇಟಿಗೂ ತಬಲಾಕ್ಕೂ ಬೇರೆ ಬೇರೆ ಮೈಕು ಇರಲಿ, ಮತ್ತು ಧ್ವನಿವರ್ಧಕದವನು ಮಾತಿನ ನಡುವೆ ಪೇಟಿಯ ದನಿಯನ್ನು ತಗ್ಗಿಸಲು ಕಲಿತಿರಲಿ. ಕರೆಂಟಿಗೆ ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆದು, ಅರ್ಥಿಂಗ್‌ ಸರಿಯಾಗಿ ಮಾಡಿಸಬೇಕು. ಕಂಬಕ್ಕೆ ಕೊಕ್ಕೆ ಹಾಕುವ ಚಾಳಿ ಬೇಡ. ಇಬ್ಬನಿಯಲ್ಲಿ ನೆನೆದ ಜಮಖಾನೆಯ ಮೇಲೆ ಬರಿಗಾಲಲ್ಲಿ ಕುಣಿಯುವವರು ನಮ್ಮ ಮಕ್ಕಳೇ. ಜನರೇಟರನ್ನು ಪೆಂಡಾಲಿನ ಹಿಂದೆ ದೂರದಲ್ಲಿ, ಗಾಳಿ ಬೀಸುವ ದಿಕ್ಕು ನೋಡಿ ನಿಲ್ಲಿಸಬೇಕು.

ಇಲ್ಲಿಯೇ ಒಂದು ಕಹಿ ಮಾತು. ಹಿಂದೆ ನಾಟಕ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಕೋಳಿ ಕೂಗುವವರೆಗೆ ನಡೆಯುತ್ತಿತ್ತು. 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬದ ಸಂದರ್ಭಗಳಲ್ಲಿ, ವರ್ಷಕ್ಕೆ 15 ದಿನ ಮೀರದಂತೆ, ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಹೀಗಾಗಿ ಪೊಲೀಸ್‌ ಠಾಣೆಯ ಪರವಾನಗಿ ಪತ್ರ ವ್ಯವಸ್ಥಾಪಕನ ಜೇಬಿನಲ್ಲಿರಬೇಕು, ಮತ್ತು ನಾಟಕವನ್ನು ನಾಲ್ಕೂವರೆ ಗಂಟೆಗೆ ಇಳಿಸಿ ಸಂಜೆ ಏಳೂವರೆಗೆ ನಾಂದಿ ಹಾಡಿಸಬೇಕು. ಇದಕ್ಕಿರುವ ದೊಡ್ಡ ಅಡ್ಡಿ ಉದ್ಘಾಟನೆಯ ಭಾಷಣಗಳು. ಹ್ಯಾಂಡ್‌ಬಿಲ್ಲಿನ ಮೇಲಿನ ಸಾಲಿನವರು ತಿನ್ನುವ ಒಂದೂವರೆ ತಾಸು ಕೆಳಗಿನ ಸಾಲಿನವರ ಲೆಕ್ಕದಿಂದಲೇ ಹೋಗುತ್ತದೆ. ಸತ್ಕಾರವನ್ನು ಎರಡು ಅಂಕಗಳ ನಡುವಿನ ಬಿಡುವಿಗೆ ಸರಿಸಿದರೆ ಗಣ್ಯರು ಅಷ್ಟೊತ್ತಿನವರೆಗೆ ಕುಳಿತು ನಾಟಕ ನೋಡುವ ಲಾಭವೂ ಉಂಟು.

ಬಣ್ಣ, ಉಡುಪು

ಬಣ್ಣದ ಬಗೆಗೆ ಹೆಚ್ಚು ಹೇಳುವುದಿಲ್ಲ. ಹಿಂದಿನವರು ಹಚ್ಚುತ್ತಿದ್ದ ಅರದಾಳ, ಇಂಗಳೀಕಗಳಲ್ಲಿ ಪಾಷಾಣ, ಪಾದರಸಗಳ ಅಂಶವಿರುವುದರಿಂದ ಅವುಗಳನ್ನು ಯಾವ ಕಾರಣಕ್ಕೂ ಬಳಸಬಾರದು. ಮೀಸೆ ಅಂಟಿಸುವ ಸ್ಪಿರಿಟ್‌ ಗಮ್‌ ಒಣಗಲು ಸಮಯ ಕೊಡಬೇಕು. ಹಾಡುವ ನಟನ ಮೀಸೆಯನ್ನು ಮೇಲ್ದುಟಿಯ ಅಂಚಿಗಿಂತ ಒಂದಿಷ್ಟು ಮೇಲಕ್ಕೆ ಅಂಟಿಸಿದರೆ ತಾನ್ ಹೊಡೆಯುವಾಗ ಬಾಯಿಗೆ ಬರುವುದಿಲ್ಲ. ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆ, ಹಳೆಯ ಧೋತರದ ತುಂಡುಗಳನ್ನು ಮೊದಲೇ ಇಟ್ಟಿರಬೇಕು. ಉಡುಪಿನ ಪೆಟ್ಟಿಗೆಯ ಮುಚ್ಚಳದ ಒಳಗೆ ವಸ್ತುಗಳ ಪಟ್ಟಿ ಅಂಟಿಸಿ, ಕೊಡುವಾಗ ಒಮ್ಮೆ, ಮರಳಿ ಪಡೆಯುವಾಗ ಒಮ್ಮೆ ಗೀಟು ಹಾಕಿದರೆ ಕಿರೀಟದ ಮಣಿಗಳ ಲೆಕ್ಕ ಸಿಗುತ್ತದೆ.

ಮಂಗಳದ ನಂತರ

ಭೈರವಿಯಲ್ಲಿ ಮಂಗಳ ಹಾಡಿ ಮುಖಪರದೆ ಬಿದ್ದ ಮೇಲೆ, ಜನ ಚಾಪೆ ಸುತ್ತಿಕೊಂಡು ಹೊರಟ ಹೊತ್ತಿನಲ್ಲಿ, ನಟರು ಬಣ್ಣದ ಮುಖದಲ್ಲಿಯೇ ಮೊಬೈಲಿಗೆ ನಿಲ್ಲುತ್ತಾರೆ. ವ್ಯವಸ್ಥಾಪಕ ಆಗ ಮೂರು ಕೆಲಸ ಮಾಡಬೇಕು. ಕಲಾವಿದೆಯರ ಗಾಡಿ ಹೊರಟದ್ದನ್ನು ಕಣ್ಣಾರೆ ನೋಡಬೇಕು. ಪೇಟಿ, ತಬಲಾ, ಧ್ವನಿವರ್ಧಕ, ಜನರೇಟರಿನವರ ಬಾಕಿಯನ್ನು ಅಲ್ಲಿಯೇ ತೀರಿಸಿ ನೋಟ್‌ಬುಕ್ಕಿನಲ್ಲಿ ಸಹಿ ಹಾಕಿಸಿಕೊಳ್ಳಬೇಕು. ಮೂರನೆಯದು ಪರದೆಗಳು: ಇಬ್ಬನಿ ಹೀರಿದ ಪರದೆಯನ್ನು ಆ ರಾತ್ರಿಯೇ ಮಡಚಿ ಟ್ರ್ಯಾಕ್ಟರಿಗೆ ಹೇರಿದರೆ ಬಣ್ಣ ಬಣ್ಣಕ್ಕೆ ಅಂಟಿ, ದರ್ಬಾರಿನ ಕಂಬಗಳು ಕಾಡಿನ ಗಿಡಗಳ ಮೇಲೆ ಮೂಡುತ್ತವೆ ಮತ್ತು ಬಾಡಿಗೆಯವರು ಮುಂದಿನ ವರ್ಷ ಫೋನ್‌ ಎತ್ತುವುದಿಲ್ಲ. ಬೆಳಿಗ್ಗೆ ಎಂಟರವರೆಗೆ ಅವುಗಳನ್ನು ಬಿದಿರಿಗೇ ಬಿಟ್ಟು, ಬಿಸಿಲು ತಾಗಿ ಬಟ್ಟೆ ಕೈಗೆ ಸೊರಸೊರ ಅನ್ನಿಸಿದ ಮೇಲೆ, ಚಿತ್ರ ಒಳಮುಖವಾಗುವಂತೆ ಬಿದಿರಿನ ಸುತ್ತ ಇಬ್ಬರು ಸೇರಿ ಸುತ್ತಬೇಕು. ಕಾಯಲು ಪರದೆ ಎಳೆದವನನ್ನೇ ಅಲ್ಲಿ ಮಲಗಿಸಿ, ಅವನಿಗೆ ಬೆಳಗಿನ ಚಹಾ ಮತ್ತು ಸುಸಲಾ (ಚುರುಮುರಿಯ ಒಗ್ಗರಣೆ) ಕಳಿಸಿಕೊಡುವುದನ್ನು ಮರೆಯಬಾರದು.